ಗೋವಾ, ಲಂಕಾವಿ, ಬಸ್ಸೆಲ್ಟನ್: ಮನೆಮಂದಿಯೊಂದಿಗೆ ಹೋಗಲು ಯಾವ ಟ್ರಯಥ್ಲಾನ್?

ದೂರದ ಊರಿನ ಟ್ರಯಥ್ಲಾನ್‌ಗೆ, ಅಂದರೆ ಈಜು, ಸೈಕಲ್, ಓಟ ಒಂದರ ಹಿಂದೊಂದು ಬರುವ ಪಂದ್ಯಕ್ಕೆ, ಹೆಸರು ಕೊಡುವವರು ಮೊದಲು ನೋಡುವುದು ಸೈಕಲ್ ಹಾದಿಯ ಏರಿಳಿತ, ಸಮುದ್ರದ ಅಲೆ ಮತ್ತು ಆ ತಿಂಗಳ ಬಿಸಿಲು. ಒಬ್ಬರೇ ಹೋಗುವುದಾದರೆ ಅಷ್ಟು ಸಾಕು. ಅಮ್ಮ, ಮಡದಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆಯೇ ಬೇರೆ: ಪಂದ್ಯದ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ, ನಾನು ಸೈಕಲ್ ಮೇಲೆ ಎಲ್ಲೋ ಇರುವಾಗ, ಇವರೆಲ್ಲ ಎಲ್ಲಿರುತ್ತಾರೆ, ಏನು ಮಾಡುತ್ತಿರುತ್ತಾರೆ? ಐರನ್‌ಮ್ಯಾನ್ ಎಂಬ ಹೆಸರಿನ ದೀರ್ಘ ಟ್ರಯಥ್ಲಾನ್‌ಗಳಲ್ಲಿ ಗೋವಾದ ಅರ್ಧ ದೂರದ್ದು, ಮಲೇಷ್ಯಾದ ಲಂಕಾವಿ ದ್ವೀಪದ ಪೂರ್ಣ ಐರನ್‌ಮ್ಯಾನ್ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಬಸ್ಸೆಲ್ಟನ್‌ನ ಪೂರ್ಣ ಐರನ್‌ಮ್ಯಾನ್, ಈ ಮೂರಕ್ಕೂ ಕುಟುಂಬಸಮೇತ ಹೋಗಿ ಬಂದ ಅನುಭವದಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಅರ್ಧ ದೂರ ಎಂದರೆ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಪೂರ್ಣ ದೂರ ಇದರ ನಿಖರ ಎರಡರಷ್ಟು. ಕಾದು ಕುಳಿತವರ ದಣಿವು ಮಾತ್ರ ಎರಡರಷ್ಟಕ್ಕೆ ನಿಲ್ಲುವುದಿಲ್ಲ.

ಕೊಡಗಿನಲ್ಲಿ ತೋಟ ಇಟ್ಟುಕೊಂಡವರಿಗೆ ಸ್ಥಳಕ್ಕಿಂತ ಮೊದಲು ತಿಂಗಳೇ ಕೈ ಕಟ್ಟುತ್ತದೆ. ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರುವಾಗಿ ಜನವರಿವರೆಗೆ ನಡೆಯುತ್ತದೆ, ಅದರ ಹಿಂದೆಯೇ ರೋಬಸ್ಟಾ ಬರುತ್ತದೆ. ಕಣದಲ್ಲಿ ಹರಡಿದ ಕಾಫಿಯ ಮೇಲೆ ಅಕಾಲದ ಮಳೆ ಬೀಳುವ ಭಯ ಇರುವಾಗ ಮನೆಯ ಯಜಮಾನ ಪರದೇಶದ ಕಡಲತೀರದಲ್ಲಿ ಇರುವುದನ್ನು ಯಾರೂ ಮೆಚ್ಚುವುದಿಲ್ಲ. ಗೋವಾದ ಪಂದ್ಯ 2019ರಲ್ಲಿ ಮೊದಲ ಸಲ ಅಕ್ಟೋಬರ್‌ನಲ್ಲಿ ನಡೆಯಿತು. ನಂತರದ ವರ್ಷಗಳಲ್ಲಿ ಅಕ್ಟೋಬರ್ ಮತ್ತು ನವೆಂಬರ್ ನಡುವೆ ಓಲಾಡಿದೆ. ಅಕ್ಟೋಬರ್‌ನಲ್ಲಿ ಬಿದ್ದರೆ ಮಕ್ಕಳ ದಸರಾ ರಜೆಯ ಆಸುಪಾಸಿಗೆ ಹೊಂದುತ್ತದೆ, ಆದರೆ ಮಡಿಕೇರಿಯ ದಶಮಂಟಪ ಮತ್ತು ತಲಕಾವೇರಿಯ ತುಲಾ ಸಂಕ್ರಮಣ ಎರಡನ್ನೂ ತಪ್ಪಿಸದಂತೆ ದಿನ ಹೊಂದಿಸಬೇಕಾಗುತ್ತದೆ. ಲಂಕಾವಿಗೆ ನಾವು ಹೋದದ್ದು ಅರೇಬಿಕಾ ಹಣ್ಣಾಗತೊಡಗಿದ ಹೊತ್ತಿನಲ್ಲಿ. ಬಸ್ಸೆಲ್ಟನ್ ಡಿಸೆಂಬರ್ ಆರಂಭದಲ್ಲಿ, ಅಂದರೆ ಕೊಯ್ಲಿನ ನಟ್ಟನಡುವೆ, ಪುತ್ತರಿಯ ಪಕ್ಕದಲ್ಲೇ ಬರುತ್ತದೆ. ಈ ಒಂದು ಲೆಕ್ಕದಲ್ಲಿ ಗೋವಾ ಉಳಿದ ಎರಡಕ್ಕಿಂತ ಬಹಳ ಮುಂದಿದೆ.

ಪ್ರಯಾಣದಲ್ಲಿಯೂ ಗೋವಾಕ್ಕೆ ಸಾಟಿ ಇಲ್ಲ. ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ, ಅಲ್ಲಿಂದ ಕರಾವಳಿಯ ಹೆದ್ದಾರಿ ಹಿಡಿದು ಪಣಜಿಗೆ ಸುಮಾರು 500 ಕಿಲೋಮೀಟರ್. ಸೈಕಲ್ಲನ್ನು ಬಿಚ್ಚದೆ ಕಾರಿನ ಹಿಂಬದಿಯ ಕ್ಯಾರಿಯರ್‌ಗೆ ಕಟ್ಟಿದರಾಯಿತು. ಅಮ್ಮನಿಗೆ ಮೊಣಕಾಲು ನೋವು ಇರುವುದರಿಂದ ನಾವು ಒಂದೇ ದಿನದಲ್ಲಿ ಮುಟ್ಟುವ ಹಟ ಮಾಡದೆ ನಡುವೆ ಉಡುಪಿಯಲ್ಲಿ ತಂಗಿದೆವು, ಮಕ್ಕಳಿಗೆ ಅಲ್ಲಿಂದಲೇ ಪ್ರವಾಸ ಶುರುವಾಯಿತು. ಪಂದ್ಯದ ಹಿಂದಿನ ರಾತ್ರಿಗೆ ಬೇಕಾದ ಅಕ್ಕಿ ತರಿಯನ್ನು ಮನೆಯಿಂದಲೇ ಒಯ್ದು, ಅಡುಗೆಮನೆ ಇರುವ ಬಾಡಿಗೆ ಮನೆಯಲ್ಲಿ ಕಡಂಬುಟ್ಟು ಮಾಡಿಕೊಂಡೆವು. ಹೊಟ್ಟೆಗೆ ಪರಿಚಯವಿಲ್ಲದ ಊಟದಿಂದ ಪಂದ್ಯ ಕೆಡಿಸಿಕೊಂಡವರ ಸಂಖ್ಯೆ ಸೈಕಲ್ ಕೆಟ್ಟವರ ಸಂಖ್ಯೆಗಿಂತ ಹೆಚ್ಚಿರಬಹುದು ಎಂಬುದು ನನ್ನ ಗುಮಾನಿ.

ಗೋವಾದಲ್ಲಿ ತೀರ್ಮಾನಿಸಬೇಕಾದ ಒಂದೇ ವಿಷಯ ವಸತಿ. ಈಜು ಪಣಜಿಯ ಮೀರಾಮಾರ್ ಕಡಲತೀರದಲ್ಲಿ, ಸೈಕಲ್ ಮತ್ತು ಓಟ ಅದೇ ಆಸುಪಾಸಿನ ರಸ್ತೆಗಳಲ್ಲಿ ಸುತ್ತು ಸುತ್ತಾಗಿ ನಡೆಯುತ್ತವೆ. ಪ್ರವಾಸಿಗರು ಬಯಸುವ ಕ್ಯಾಂಡೋಲಿಮ್, ಕಲಂಗುಟ್ ತೀರಗಳಿರುವುದು ಮಾಂಡೋವಿ ನದಿಯ ಆಚೆ. ನಾವು ಎರಡೂ ಕಡೆ ಇದ್ದು ನೋಡಿದ್ದೇವೆ. ಆಚೆ ದಡದಲ್ಲಿ ಇದ್ದಾಗ ಮಕ್ಕಳಿಗೆ ಸಮುದ್ರ ಚೆನ್ನಾಗಿ ಸಿಕ್ಕಿತು, ಆದರೆ ಪಂದ್ಯದ ದಿನ ರಸ್ತೆ ಬಂದ್ ಆಗಿದ್ದರಿಂದ ಬೆಳಗಿನ ಜಾವ ನನ್ನೊಂದಿಗೆ ಎದ್ದು ಬಂದವರಿಗೆ ಮಧ್ಯೆ ಹೋಗಿ ಮಲಗುವ ದಾರಿ ಇರಲಿಲ್ಲ. ಮೀರಾಮಾರ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಉಳಿದಾಗ ಕೋಣೆ ಸಣ್ಣದಾಗಿತ್ತು, ಅದಕ್ಕೆ ಕೊಟ್ಟ ಹಣವೂ ಹೆಚ್ಚೆನಿಸಿತು; ಆದರೆ ಹನ್ನೊಂದು ಗಂಟೆಯ ಪ್ರಶ್ನೆಗೆ ಉತ್ತರ ಸಲೀಸಾಗಿ ಸಿಕ್ಕಿತು. ಈಜು ನೋಡಿ ಕೋಣೆಗೆ ಮರಳಿ ತಿಂಡಿ ತಿಂದು, ಅಮ್ಮ ಒಂದು ನಿದ್ದೆ ಮುಗಿಸಿ, ನಾನು ಓಟಕ್ಕೆ ಇಳಿದಾಗ ಎಲ್ಲರೂ ಮರದ ನೆರಳಿನಲ್ಲಿ ನಿಂತಿದ್ದರು, ಸುತ್ತಿನ ಓಟವಾದ್ದರಿಂದ ಮತ್ತೆ ಮತ್ತೆ ಕಂಡರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದು ಸಂಜೆ ಒಟ್ಟಿಗೆ ಊಟಕ್ಕೆ ಹೋಗಲು ಸಾಧ್ಯವಾಯಿತು.

ಲಂಕಾವಿಯ ಕಥೆ ಸೈಕಲ್ ಪೆಟ್ಟಿಗೆಯಿಂದ ಆರಂಭವಾಗುತ್ತದೆ. ವಿರಾಜಪೇಟೆ ಕಡೆಯವರಿಗೆ ಕಣ್ಣೂರು ವಿಮಾನ ನಿಲ್ದಾಣ ಹತ್ತಿರವೆನಿಸಿದರೂ ಕ್ವಾಲಾಲಂಪುರದ ದಾರಿಗೆ ನಮಗೆ ಅನುಕೂಲವಾದದ್ದು ಬೆಂಗಳೂರೇ. ಇಡೀ ನಗರವನ್ನು ದಾಟಿ ದೇವನಹಳ್ಳಿ ಸೇರಲು ಹಿಡಿಯುವ ಸಮಯ ವಿಮಾನದ ಸಮಯಕ್ಕಿಂತ ಕಡಿಮೆಯೇನಲ್ಲ. ಚಕ್ರ, ಪೆಡಲ್, ಹ್ಯಾಂಡಲ್ ಬಿಚ್ಚಿ ಗಟ್ಟಿ ಪೆಟ್ಟಿಗೆಗೆ ತುಂಬಿದರೆ ತೂಕ 20 ಕಿಲೋ ದಾಟುತ್ತದೆ. ಮನೆಯವರ ಬಟ್ಟೆಬರೆಯ ತೂಕವನ್ನು ಆ ಪೆಟ್ಟಿಗೆ ಕಬಳಿಸದಂತೆ, ವಿಮಾನ ಟಿಕೆಟ್ ಜೊತೆಗೇ ಕ್ರೀಡಾ ಸಲಕರಣೆ ಎಂದು ಬೇರೆಯಾಗಿ ಹಣ ಕಟ್ಟಿ ಕಾಯ್ದಿರಿಸಬೇಕು. ಟ್ಯೂಬಿಗೆ ಗಾಳಿ ತುಂಬುವ ಕಾರ್ಬನ್ ಡೈಆಕ್ಸೈಡ್ ಡಬ್ಬಿಗಳನ್ನು ಮನೆಯಲ್ಲೇ ಬಿಟ್ಟು ಅಲ್ಲಿಯೇ ಕೊಂಡುಕೊಳ್ಳುವುದು ಲೇಸು. ಭಾರತೀಯರಿಗೆ ಮಲೇಷ್ಯಾ 2023ರ ಡಿಸೆಂಬರ್‌ನಿಂದ ವೀಸಾ ವಿನಾಯಿತಿ ಕೊಟ್ಟದ್ದು ಐದು ಜನರ ಕುಟುಂಬಕ್ಕೆ ದೊಡ್ಡ ಉಳಿತಾಯ.

ಪ್ರವಾಸಿ ಸ್ಥಳವಾಗಿ ಲಂಕಾವಿ ಮೂರರಲ್ಲಿ ಮೊದಲನೆಯದು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪುತ್ತಾರೆ. ಕೇಬಲ್ ಕಾರಿನಲ್ಲಿ ಬೆಟ್ಟದ ತುದಿ, ಕಿಲಿಮ್‌ನ ಕಾಂಡ್ಲಾ ಕಾಡಿನಲ್ಲಿ ದೋಣಿ, ರಸ್ತೆ ಬದಿಯ ಹೋಟೆಲುಗಳ ರೊಟ್ಟಿ ಚನಾಯ್. ನಮ್ಮ ಪರೋಟಕ್ಕೆ ತೀರ ಹತ್ತಿರದ ಅದು ಸಿಕ್ಕ ಮೇಲೆ ಮಕ್ಕಳು ಬೇರೇನನ್ನೂ ಕೇಳಲಿಲ್ಲ. ಆದರೆ ಪಂದ್ಯದ ದಿನ ಇದೇ ದ್ವೀಪ ನೋಡುಗರಿಗೆ ದುಬಾರಿಯಾಯಿತು. ನಾವು ಹೋದ ವರ್ಷ ಈಜು ಪಂತೈ ಕೋಕ್ ತೀರದಲ್ಲಿ, ಓಟದ ಮುಕ್ತಾಯ ಪಂತೈ ಚೆನಾಂಗ್ ಕಡೆ. ಎರಡರ ನಡುವೆ ಕಾರಿಲ್ಲದೆ ಆಗದು, ಕಾರು ಓಡುವ ರಸ್ತೆಯಲ್ಲೇ ಸೈಕಲ್ ಪಂದ್ಯ. 180 ಕಿಲೋಮೀಟರ್ ಸೈಕಲ್ ದ್ವೀಪದ ದಿಬ್ಬಗಳನ್ನು ಸುತ್ತಿಕೊಂಡು ಹೋಗುವುದರಿಂದ ಸವಾರನನ್ನು ಹುಡುಕುವ ಆಸೆಯನ್ನು ಬಿಟ್ಟು, ಮೊಬೈಲಿನ ಆ್ಯಪ್‌ನಲ್ಲಿ ನನ್ನ ಹೆಸರಿನ ಚುಕ್ಕೆ ಸರಿಯುವುದನ್ನು ನೋಡುತ್ತ ಮಡದಿ ಇಡೀ ಹಗಲು ಕಳೆದಳು. ಪೂರ್ಣ ಐರನ್‌ಮ್ಯಾನ್‌ಗೆ 17 ಗಂಟೆಗಳ ಗಡುವು ಇರುತ್ತದೆ. ಸೂರ್ಯೋದಯದ ಸುಮಾರಿಗೆ ಹೊರಟವನು ಕತ್ತಲಾದ ಎಷ್ಟೋ ಹೊತ್ತಿನ ಮೇಲೆ ಮುಗಿಸುವಾಗ ಮಕ್ಕಳು ಕುರ್ಚಿಯಲ್ಲೇ ಮಲಗಿದ್ದರು. ಅಮ್ಮನನ್ನು ಪಂದ್ಯದ ಜಾಗಕ್ಕೆ ಕರೆತರುವ ಪ್ರಶ್ನೆಯೇ ಏಳಲಿಲ್ಲ, ಅವರು ಹೋಟೆಲಿನಲ್ಲೇ ಉಳಿದರು.

ಲಂಕಾವಿಯಲ್ಲಿ ನಾವು ಸುತ್ತಾಟವನ್ನು ಪಂದ್ಯಕ್ಕೆ ಮೊದಲೇ ಇಟ್ಟುಕೊಂಡೆವು, ಗೋವಾದಲ್ಲಿ ನಂತರ. ಮೊದಲು ಸುತ್ತಿದರೆ ಬಿಸಿಲಿಗೆ ದೇಹ ಪಳಗುತ್ತದೆ ಎಂಬ ವಾದಕ್ಕೆ ಆಧಾರವಿದೆ: ಬೇಗ ಬೆವರುವುದು, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುವುದು, ರಕ್ತದ ದ್ರವಾಂಶ ಹೆಚ್ಚುವುದು ಇವೆಲ್ಲ ಆಗಲು ಸುಮಾರು 10ರಿಂದ 14 ದಿನ ಬೇಕು. ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದ ಮಡಿಕೇರಿ ಸೀಮೆಯ ತಂಪಿನಲ್ಲಿ ಓಡುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಆದರೆ ಅಷ್ಟು ದಿನ ಐದು ಜನ ದ್ವೀಪದಲ್ಲಿ ಉಳಿಯುವ ಖರ್ಚಿಗಿಂತ, ಪಂದ್ಯಕ್ಕೆ ಮುಂಚಿನ ವಾರಗಳಲ್ಲಿ ಘಾಟಿ ಇಳಿದು ಸುಳ್ಯದ ಮಧ್ಯಾಹ್ನದ ಬಿಸಿಲಿನಲ್ಲಿ ಓಡಿ ಬರುವುದು ಅಗ್ಗ. ಮೇಲಾಗಿ, ಮೊದಲು ಸುತ್ತುವಾಗ ನಾನು ನಡೆಯಲು ಹಿಂಜರಿಯುವವನಾಗಿ, ಹೊರಗಿನ ಊಟಕ್ಕೆ ಮೂಗು ಮುರಿಯುವವನಾಗಿ ಉಳಿದವರ ರಜೆಯನ್ನು ಮಂಕು ಮಾಡುತ್ತೇನೆ ಎಂಬುದು ಮಡದಿಯ ಅಭಿಪ್ರಾಯ, ಅದನ್ನು ನಾನು ಅಲ್ಲಗಳೆಯಲಾರೆ. ಸುತ್ತಾಟ ನಂತರವೇ ಇರಲಿ. ಮೆಟ್ಟಿಲು ಹತ್ತುವ ಜಾಗಗಳನ್ನು ಮಾತ್ರ ಪಂದ್ಯದ ಮರುದಿನಕ್ಕೆ ಇಟ್ಟುಕೊಳ್ಳಬಾರದು.

ಬಸ್ಸೆಲ್ಟನ್ ಪರ್ತ್ ನಗರದಿಂದ ದಕ್ಷಿಣಕ್ಕೆ ಸುಮಾರು 220 ಕಿಲೋಮೀಟರ್ ದೂರದ ಸಣ್ಣ ಊರು. ಅಲ್ಲಿ ಸಮುದ್ರದೊಳಕ್ಕೆ 1,841 ಮೀಟರ್ ಚಾಚಿಕೊಂಡಿರುವ ಮರದ ಜೆಟ್ಟಿ ಇದೆ, ಪೂರ್ಣ ದೂರದ ಈಜು ಅದನ್ನೇ ಒಂದು ಸುತ್ತು ಹಾಕುತ್ತದೆ. ನೀರು ತಣ್ಣಗಿರುವುದರಿಂದ ವೆಟ್‌ಸೂಟ್, ಅಂದರೆ ಮೈ ಬೆಚ್ಚಗಿಡುವ ರಬ್ಬರಿನಂಥ ಈಜುಡುಗೆ ಬೇಕು. ಲಂಕಾವಿಯ ಬೆಚ್ಚಗಿನ ನೀರಿನಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲ, ಯಾಕೆಂದರೆ ಅದನ್ನು ತೊಡಲು ನಮ್ಮಂಥ ಹವ್ಯಾಸಿಗಳಿಗೆ ನೀರಿನ ಉಷ್ಣಾಂಶ 24.5 ಡಿಗ್ರಿಯೇ ಮಿತಿ. ಸೈಕಲ್ ಹಾದಿ ಅಂಗೈಯಷ್ಟು ಸಪಾಟು, ಗಾಳಿ ಮಾತ್ರ ಬಿಡದು. ಏರಿನಲ್ಲಿ ಏದುಸಿರು ಬಿಟ್ಟು ಇಳಿಜಾರಿನಲ್ಲಿ ಸುಧಾರಿಸಿಕೊಳ್ಳುವ ಕೊಡಗಿನ ಅಭ್ಯಾಸಕ್ಕೆ, ಗಂಟೆಗಟ್ಟಲೆ ಪೆಡಲ್ ನಿಲ್ಲಿಸದೆ ತುಳಿಯಬೇಕಾದ ಈ ಹಾದಿ ಲಂಕಾವಿಯ ದಿಬ್ಬಗಳಿಗಿಂತ ಬೆನ್ನು ನೋಯಿಸಿತು.

ಕುಟುಂಬದ ದೃಷ್ಟಿಯಿಂದ ಮಾತ್ರ ಈ ಪಂದ್ಯ ಲಂಕಾವಿಯನ್ನು ಸಲೀಸಾಗಿ ಸೋಲಿಸಿತು. ಈಜು, ಸೈಕಲ್ ನಿಲ್ಲಿಸುವ ಅಂಗಳ, ಓಟ, ಮುಕ್ತಾಯ ಎಲ್ಲವೂ ಒಂದೇ ಕಡಲಂಚಿನ ಹುಲ್ಲುಹಾಸಿನ ಸುತ್ತ; ಪಕ್ಕದಲ್ಲೇ ಮಕ್ಕಳ ಆಟದ ಮೈದಾನ. ಹನ್ನೊಂದು ಗಂಟೆಗೆ ಮಕ್ಕಳು ಜಾರುಬಂಡೆಯಲ್ಲಿದ್ದರು, ಮಡದಿ ಬೆಂಚಿನ ಮೇಲೆ ಕಾಫಿ ಕುಡಿಯುತ್ತಿದ್ದಳು; ಆ ಕಾಫಿಯ ಬಗ್ಗೆ ತೋಟದ ಮನೆಯವಳಾಗಿ ಅವಳು ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಮರುದಿನ ಎಲ್ಲರೂ ಜೆಟ್ಟಿಯ ಮೇಲಿನ ಪುಟ್ಟ ರೈಲಿನಲ್ಲಿ ತುದಿಯವರೆಗೆ ಹೋದೆವು, ನನ್ನ ಕಾಲುಗಳಿಗೂ ಅದೇ ಬೇಕಾಗಿತ್ತು.

ಇದಕ್ಕೆ ತೆರುವ ಬೆಲೆ ಕಾಗದಪತ್ರ ಮತ್ತು ತಪಾಸಣೆ. ಎಲ್ಲರಿಗೂ ವೀಸಾ ಬೇಕು, ತಿಂಗಳುಗಳ ಮುಂಚೆ ಅರ್ಜಿ ಹಾಕಬೇಕು. ಆಸ್ಟ್ರೇಲಿಯಾದ ಜೈವಿಕ ಸುರಕ್ಷಾ ನಿಯಮದಂತೆ ಸೈಕಲ್ ಮತ್ತು ಶೂಗಳಲ್ಲಿ ಮಣ್ಣು ಅಂಟಿರಬಾರದು. ನಮ್ಮ ತೋಟದ ದಾರಿಯ ಕೆಂಪು ಮಣ್ಣು ಚೈನಿನ ಸಂದಿಯಲ್ಲಿ ಎಷ್ಟು ಗಟ್ಟಿಯಾಗಿ ಕೂರುತ್ತದೆಂದು ಬಲ್ಲವರಿಗೆ ಹಲ್ಲುಜ್ಜುವ ಬ್ರಶ್ ಹಿಡಿದು ಕಳೆದ ಸಂಜೆಯನ್ನು ವಿವರಿಸಬೇಕಿಲ್ಲ. ಪಶ್ಚಿಮ ಆಸ್ಟ್ರೇಲಿಯಾಕ್ಕೆ ಜೇನು ಒಯ್ಯುವಂತಿಲ್ಲವಾದ್ದರಿಂದ ಕೊಡಗಿನವರು ಯಾರ ಮನೆಗೆ ಹೋದರೂ ಕೊಡುವ ಉಡುಗೊರೆಯೂ ಕೈತಪ್ಪಿತು.

ನನ್ನ ತೀರ್ಪು ಹೀಗಿದೆ. ಹಿರಿಯರು, ಮಕ್ಕಳು ಎಲ್ಲರನ್ನೂ ಕರೆದೊಯ್ಯುವುದಾದರೆ ಗೋವಾ, ಅದೂ ಮೀರಾಮಾರ್ ಪಕ್ಕದಲ್ಲೇ ಕೋಣೆ ಹಿಡಿದು. ಪೂರ್ಣ ದೂರವೇ ಬೇಕು, ಮಕ್ಕಳೂ ಜೊತೆಗಿರಬೇಕು ಎಂದರೆ ಹಣ ಹೆಚ್ಚಾದರೂ ಬಸ್ಸೆಲ್ಟನ್. ಲಂಕಾವಿ ಗಂಡ ಹೆಂಡತಿ ಇಬ್ಬರೇ ಹೋಗುವಾಗ ಸೊಗಸು. ಐದು ಜನರಿಗೆ ಪಂದ್ಯವಿಲ್ಲದೆ ಹೋದರೆ ಇನ್ನೂ ಸೊಗಸು. ಉಳಿಯುವ ತೊಡಕು ದಿನಾಂಕದ್ದು. ಈ ಪಂದ್ಯಗಳಿಗೆ ತಿಂಗಳುಗಳ ಮೊದಲೇ ಹೆಸರು ಕೊಟ್ಟು ಶುಲ್ಕ ಕಟ್ಟಬೇಕು, ಪುತ್ತರಿಯ ಮುಹೂರ್ತವನ್ನು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ಗೊತ್ತುಮಾಡುವುದು ಹಬ್ಬ ಹತ್ತಿರವಾದ ಮೇಲೆ. ಹೀಗಾಗಿ ಶುಲ್ಕ ಕಟ್ಟುವ ಮೊದಲು ಪಂಚಾಂಗದಲ್ಲಿ ಆ ತಿಂಗಳ ಹುಣ್ಣಿಮೆ ಮತ್ತು ರೋಹಿಣಿ ನಕ್ಷತ್ರ ಎಲ್ಲಿ ಬೀಳುತ್ತವೆಂದು ನೋಡಿಕೊಳ್ಳುತ್ತೇನೆ. ಬಸ್ಸೆಲ್ಟನ್ ಅದೇ ವಾರಕ್ಕೆ ಬಂದರೆ ಆ ವರ್ಷ ಗೋವಾಕ್ಕೆ ಹೆಸರು ಕೊಡುತ್ತೇನೆ.