ಅಜೈಲ್ ಕೋಚ್‌ಗಳ ಬಳಗದಲ್ಲಿ ಎರಡೂವರೆ ವರ್ಷ: ಶಿರಸಿ ಕಡೆಯಿಂದ ಒಂದು ಅನುಭವ

ನಾನು ಸ್ಕ್ರಮ್ ಮಾಸ್ಟರ್. ಸಾಫ್ಟ್‌ವೇರನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಮಾಡುವ ರೀತಿಗೆ ಅಜೈಲ್ ಅನ್ನುತ್ತಾರೆ, ಸ್ಕ್ರಮ್ ಅದರಲ್ಲೊಂದು ಪದ್ಧತಿ. ಟೀಮ್ ಅದನ್ನು ಸರಿಯಾಗಿ ನಡೆಸಿಕೊಂಡು ಹೋಗಲು ನೆರವಾಗುವುದು ನನ್ನ ಕೆಲಸ. ಕಂಪನಿ ಬೆಂಗಳೂರಿನದು. ಕೆಲಸ ಮಾತ್ರ ಶಿರಸಿಯಿಂದ 12 ಕಿಲೋಮೀಟರ್ ಒಳಗಿರುವ ನಮ್ಮ ಮನೆಯಿಂದ, ಜಗಲಿ ಪಕ್ಕದ ಕೋಣೆಯಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವಳು ಇಲ್ಲೇ ಉಳಿದೆ. ಟೀಮಿನಲ್ಲಿ ಎಂಟು ಜನ ಡೆವಲಪರ್‌ಗಳು. ಅವರಿಗೆ ಕಷ್ಟ ಬಂದರೆ ಅವರವರಲ್ಲೇ ಮಾತಾಡಿಕೊಳ್ಳುತ್ತಾರೆ. ಸ್ಕ್ರಮ್ ಮಾಸ್ಟರ್ ಒಬ್ಬಳೇ ಅಲ್ವಾ? ರೆಟ್ರೋದಲ್ಲಿ (ಮುಗಿದ ಕೆಲಸವನ್ನು ಟೀಮ್ ಹಿಂತಿರುಗಿ ನೋಡುವ ಸಭೆ) ಯಾರೂ ಬಾಯಿ ಬಿಡದ ದಿನ, ಮ್ಯಾನೇಜರ್ ಸ್ಪ್ರಿಂಟಿನ (ಕೆಲವು ವಾರಗಳ ಕೆಲಸದ ಒಂದು ಸುತ್ತು) ಮಧ್ಯೆ ಹೊಸ ಕೆಲಸ ತುರುಕಿದ ದಿನ, ಹೇಳಿಕೊಳ್ಳಲು ನನಗೆ ಯಾರೂ ಇರಲಿಲ್ಲ. ಆಯಿ ಕಷಾಯ ಮಾಡಿ ಕೊಡುತ್ತಿದ್ದಳು. ಅದು ದೊಡ್ಡ ಸಮಾಧಾನ. ಆದರೆ ನನ್ನ ಕೆಲಸ ಗೊತ್ತಿರುವವರ ಜೊತೆ ಮಾತಾಡಬೇಕು ಅನ್ನುವ ಆಸೆ ಹಾಗೇ ಉಳಿಯುತ್ತಿತ್ತು.

ಹಾಗೆ ಸೇರಿದ್ದು ಈ ಆನ್‌ಲೈನ್ ಬಳಗಕ್ಕೆ. ಬೇರೆ ಬೇರೆ ದೇಶದ ಅಜೈಲ್ ಕೋಚ್‌ಗಳು, ಸ್ಕ್ರಮ್ ಮಾಸ್ಟರ್‌ಗಳು, ನನ್ನ ಹಾಗೆ ದಿನಾ ಟೀಮಿನ ಜೊತೆ ಒದ್ದಾಡುವವರು ಇದ್ದಾರೆ. ವರ್ಷಕ್ಕೆ 7,500 ರೂಪಾಯಿ. ಕಂಪನಿ ಕೊಡುವುದಿಲ್ಲ, ನನ್ನ ಕೈಯಿಂದಲೇ. ಮೊದಲ ಸಲ ಕಟ್ಟುವಾಗ ಎರಡು ದಿನ ಯೋಚಿಸಿದ್ದೆ. ಸಿಎಸ್‌ಎಂ (ಸರ್ಟಿಫೈಡ್ ಸ್ಕ್ರಮ್ ಮಾಸ್ಟರ್) ಸರ್ಟಿಫಿಕೇಟ್ ಇದ್ದವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ನಾನು ನವೀಕರಿಸುವಾಗ ಎರಡು ವರ್ಷಕ್ಕೊಮ್ಮೆ 100 ಡಾಲರ್ ಜೊತೆಗೆ 20 ಎಸ್‌ಇಯು, ಅಂದರೆ ಕಲಿಕೆಯ ಅಂಕ, ತೋರಿಸಬೇಕಿತ್ತಲ್ಲ, ಇಲ್ಲಿ ಕೂತ ಗಂಟೆಗಳನ್ನು ನಾನು ಅದಕ್ಕೆ ಲೆಕ್ಕ ಹಾಕಿಕೊಂಡೆ. ಅದಕ್ಕಾಗಿ ಬೇರೆ ಕೋರ್ಸಿಗೆ ದುಡ್ಡು ಹಾಕಲಿಲ್ಲ.

ವಿಡಿಯೋ, ಟೆಂಪ್ಲೇಟು, ಆಟಗಳ ಪಟ್ಟಿ ಎಲ್ಲ ಇದೆ. ಅದನ್ನು ನಾನು ಮುಟ್ಟಿದ್ದು ಕಡಿಮೆ. ನನಗೆ ಈ ಬಳಗ ಅಂದರೆ ಗುರುವಾರ ರಾತ್ರಿ.

ಗುರುವಾರ ನಡೆಯುವುದು ಲೀನ್ ಕಾಫಿ. 2009ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಜಿಮ್ ಬೆನ್ಸನ್ ಮತ್ತು ಜೆರೆಮಿ ಲೈಟ್‌ಸ್ಮಿತ್ ಶುರುಮಾಡಿದ ಪದ್ಧತಿ. ಮೊದಲೇ ಗೊತ್ತುಮಾಡಿದ ವಿಷಯ ಅಂತ ಇರುವುದಿಲ್ಲ. ಬಂದವರು ತಮ್ಮ ತಲೆ ಕೊರೆಯುತ್ತಿರುವುದನ್ನು ಕಾರ್ಡಿನಲ್ಲಿ ಬರೆಯುತ್ತಾರೆ. ಎಲ್ಲರಿಗೂ ಎರಡೆರಡು ಚುಕ್ಕೆ. ಬೇಕಾದ ಕಾರ್ಡಿಗೆ ಹಾಕಬಹುದು. ಜಾಸ್ತಿ ಚುಕ್ಕೆ ಬಿದ್ದದ್ದು ಮೊದಲು. ನಮ್ಮಲ್ಲಿ ಒಂದು ಕಾರ್ಡಿಗೆ ಎಂಟು ನಿಮಿಷ. ಸಮಯ ಮುಗಿದಾಗ ಎಲ್ಲರೂ ಹೆಬ್ಬೆರಳು ತೋರಿಸಬೇಕು. ಮೇಲೆ ಮಾಡಿದರೆ ಇನ್ನೂ ಮಾತಾಡೋಣ ಅಂತ, ಕೆಳಗೆ ಮಾಡಿದರೆ ಸಾಕು ಅಂತ.

ನಾನು ಕಾರ್ಡನ್ನು ಮೊದಲು ಡೈರಿಯಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ಪೆನ್ನಿನಲ್ಲಿ. ಆಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡುವುದು. ನೇರ ಇಂಗ್ಲಿಷಿನಲ್ಲಿ ಬರೆದರೆ 'ಸ್ಟೇಕ್‌ಹೋಲ್ಡರ್ ಅಲೈನ್‌ಮೆಂಟ್' ಅಂತ ಏನೋ ಬಂದುಬಿಡುತ್ತದೆ. ಕನ್ನಡದಲ್ಲಿ ಬರೆದರೆ 'ಅವರು ನನ್ನ ಮಾತು ಕೇಳ್ತಾ ಇಲ್ಲ, ನನಗೆ ಅವರನ್ನು ಕಂಡರೆ ಹೆದರಿಕೆ' ಅಂತ ಬರುತ್ತದೆ. ನಿಜವಾದ ಕಾರ್ಡ್ ಎರಡನೆಯದು. ಅದಕ್ಕೇ ಚುಕ್ಕೆ ಬೀಳುವುದೂ ಜಾಸ್ತಿ.

ಕಾಲ್ ಇರುವುದು ಲಂಡನ್ ಸಮಯದ ಸಂಜೆ ನಾಲ್ಕಕ್ಕೆ. ನಮಗೆ ಅದು ಬೇಸಿಗೆ, ಮಳೆಗಾಲದಲ್ಲಿ ಎಂಟೂವರೆ. ಅಕ್ಟೋಬರ್ ಕೊನೆಗೆ ಅವರು ಗಡಿಯಾರ ಹಿಂದಿಟ್ಟ ಮೇಲೆ ಒಂಬತ್ತೂವರೆ. ಮೊದಲ ವರ್ಷ ಈ ಲೆಕ್ಕ ತಿಳಿಯದೆ ಒಂದು ಗಂಟೆ ಮೊದಲೇ ಹೋಗಿ ಖಾಲಿ ಪರದೆ ನೋಡುತ್ತಾ ಕೂತಿದ್ದೆ. ಒಂಬತ್ತೂವರೆ ಅಂದರೆ ಹಳ್ಳಿಯಲ್ಲಿ ಬಹಳ ತಡ. ಆದರೆ ಅದೇ ಹೊತ್ತಿಗೆ ನಮ್ಮಲ್ಲಿ ಅಡಿಕೆ ಕೊಯ್ಲು ನಡೆದಿರುತ್ತದೆ, ಸುಲಿಯುವ ಕೆಲಸಕ್ಕೆ ಮನೆಯವರೆಲ್ಲ ಎದ್ದೇ ಇರುತ್ತಾರೆ. ನಾನು ಇಯರ್‌ಫೋನ್ ಹಾಕಿಕೊಂಡು ಜಗಲಿಯಲ್ಲೇ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರುತ್ತೇನೆ. ಒಂದು ಕಿವಿಯಲ್ಲಿ ಪೋರ್ಚುಗಲ್‌ನವರ ಮಾತು, ಇನ್ನೊಂದು ಕಿವಿಯಲ್ಲಿ ಅಪ್ಪಯ್ಯ ಮತ್ತು ಪಕ್ಕದ ಮನೆಯವರ ರೇಟಿನ ಚರ್ಚೆ. ನನ್ನ ಕಾರ್ಡ್ ಬಂದಾಗ ಕೈ ಒರೆಸಿಕೊಂಡು ಕೋಣೆಗೆ ಓಡುವುದು. ಬಾಗಿಲ ಹತ್ತಿರ ಆಯಿಯ ದನಿ: "ಮೀಟಿಂಗ್ ಆತನೇ ತಂಗಿ?"

ಒಂದು ಗುರುವಾರ ಯಾರೋ ಕಾರ್ಡ್ ಹಾಕಿದ್ದರು. ಡೆವಲಪರ್‌ಗಳು ಬೇಗ ಬೇಗ ಮುಗಿಸುತ್ತಾರೆ, ಟೆಸ್ಟಿಂಗ್ ಹತ್ತಿರ ಟಿಕೆಟ್‌ಗಳು (ಒಂದೊಂದು ಕೆಲಸದ ಚೀಟಿಗಳು) ಗುಡ್ಡೆ ಬೀಳುತ್ತವೆ, ಏನು ಮಾಡುವುದು ಅಂತ. ನಾನು ಮೈಕ್ ಹಾಕಿ ನಮ್ಮ ಮನೆ ಲೆಕ್ಕ ಹೇಳಿದೆ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡ ಬಂದರೆ ಎಷ್ಟು ಬೇಕಾದರೂ ಅಡಿಕೆ ಕೊನೆ (ಗೊನೆ) ಇಳಿಸಬಲ್ಲ. ಆದರೆ ನಾವು ಅಷ್ಟು ಕೊಯ್ಸುವುದಿಲ್ಲ. ಸುಲಿಯುವವರು ಎಷ್ಟು ಜನ, ಬೇಯಿಸುವ ಹಂಡೆ ಎಷ್ಟು ಹಿಡಿಯುತ್ತದೆ ನೋಡಿಕೊಂಡು ಅಷ್ಟೇ. ಹಸಿ ಅಡಿಕೆ ಸುಲಿಯದೆ ಬೇಯಿಸದೆ ರಾಶಿ ಬಿದ್ದರೆ ಕೆಟ್ಟುಹೋಗುತ್ತದೆ, ವರ್ಷದ ದುಡಿಮೆಗೆ ರೇಟು ಸಿಗುವುದಿಲ್ಲ. ನಿಮ್ಮ ಟೆಸ್ಟರ್‌ಗಳೇ ನಿಮ್ಮ ಹಂಡೆ, ಅದು ಹಿಡಿಯುವಷ್ಟೇ ಕೆಲಸ ಶುರುಮಾಡಿ ಅಂದೆ. ಕಾನ್‌ಬಾನ್ ಅನ್ನುವ ಇನ್ನೊಂದು ಅಜೈಲ್ ಪದ್ಧತಿಯಲ್ಲಿ ವಿಪ್ ಲಿಮಿಟ್, ಅಂದರೆ ಒಂದೇ ಹೊತ್ತಿಗೆ ಕೈಯಲ್ಲಿರುವ ಕೆಲಸಕ್ಕೆ ಮಿತಿ, ಅನ್ನುವುದು ಇದನ್ನೇ. ಹೆಬ್ಬೆರಳು ಮೂರು ಸಲ ಮೇಲೆ ಹೋಯಿತು. ಅವತ್ತು ನನಗೆ ಆದ ಖುಷಿ ಹೇಳತೀರದು. ಇಷ್ಟು ವರ್ಷ ಕಂಪನಿಯಲ್ಲಿ ಊರಿನ ಮಾತು ಎತ್ತಲು ಹಿಂಜರಿಯುತ್ತಿದ್ದೆ.

ಇಷ್ಟು ಹೇಳಿದ ಮೇಲೆ ನನಗೆ ಸಿಟ್ಟು ತರಿಸಿದ್ದನ್ನೂ ಹೇಳಬೇಕು.

ಎಂಟನೇ ತಿಂಗಳ ಹೊತ್ತಿಗೆ ಬೇಸರ ಬರಲು ಶುರುವಾಯಿತು. ಇಲ್ಲಿ ಎಲ್ಲರೂ ಒಳ್ಳೆಯವರು, ಅದೇ ತೊಂದರೆ. ಆಗ ನನ್ನ ಟೀಮಿನ ಸ್ಟ್ಯಾಂಡಪ್, ಅಂದರೆ ದಿನದ ಪುಟ್ಟ ಮೀಟಿಂಗ್, ದಿನಾ 35 ನಿಮಿಷ ಎಳೆಯುತ್ತಿತ್ತು. ಒಬ್ಬೊಬ್ಬರೂ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಏನು ಅಡ್ಡಿ ಇದೆ ಅಂತ ನನಗೆ ವರದಿ ಒಪ್ಪಿಸಿ ಸುಮ್ಮನಾಗುತ್ತಿದ್ದರು. ಉಳಿದವರು ಕ್ಯಾಮೆರಾ ಮುಚ್ಚಿ ಬೇರೆ ಕೆಲಸ ಮಾಡುತ್ತಿದ್ದರು. ಇದನ್ನೇ ಕಾರ್ಡಿನಲ್ಲಿ ಬರೆದೆ. ಬಂದ ಉತ್ತರ? ನೀವು ತುಂಬಾ ಕಾಳಜಿ ಮಾಡ್ತೀರಿ. ನಿಮ್ಮ ಟೀಮ್ ಅದೃಷ್ಟವಂತರು. ನಮಗೂ ಹಾಗೇ ಆಗ್ತದೆ. ಪರದೆ ತುಂಬ ಹೃದಯದ ಚಿಹ್ನೆ. ಎಂಟು ನಿಮಿಷ ಮುಗಿಯಿತು. ಲ್ಯಾಪ್‌ಟಾಪ್ ಮುಚ್ಚಿದಾಗ ಕಣ್ಣಲ್ಲಿ ನೀರು ಬಂತು. ನನಗೆ ಹೊಗಳಿಕೆ ಬೇಕಿರಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ ಅಂತ ಯಾರಾದರೂ ಹೇಳಬೇಕಿತ್ತು.

ಮತ್ತೆ ಮೂರು ವಾರ ಇದೇ ಥರ. ಬಳಗ ನಡೆಸುವವರಿಗೆ ಉದ್ದ ಸಂದೇಶ ಬರೆದೆ, ಮುಂದಿನ ವರ್ಷ ದುಡ್ಡು ಕಟ್ಟುವುದಿಲ್ಲ ಅಂತಲೂ ಬರೆದೆ. ಅವರು ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ. ಜೋಡಿ ಮಾತುಕತೆಗೆ ಹೆಸರು ಕೊಡಿ ಅಂದರು. ಹದಿನೈದು ದಿನಕ್ಕೊಮ್ಮೆ ಇಬ್ಬರೇ ಕೂರುವುದು. ಒಬ್ಬರು 12 ನಿಮಿಷ ತಮ್ಮ ಕಷ್ಟ ಹೇಳಬೇಕು. ಇನ್ನೊಬ್ಬರು ಪ್ರಶ್ನೆ ಮಾತ್ರ ಕೇಳಬಹುದು, ಸಲಹೆ ಕೊಡುವ ಹಾಗಿಲ್ಲ. ಆಮೇಲೆ ಅದಲು ಬದಲು. ನಮ್ಮ ಕಡೆ ಮುರಿಯಾಳು ಇದೆಯಲ್ಲ, ಇವತ್ತು ನಾನು ನಿಮ್ಮ ತೋಟಕ್ಕೆ, ನಾಳೆ ನೀವು ನಮ್ಮ ತೋಟಕ್ಕೆ, ಹಾಗೆ.

ನನಗೆ ಸಿಕ್ಕ ಜೋಡಿ ಧಾರವಾಡದ ಕಡೆಯವರು, ಈಗ ಪುಣೆಯಲ್ಲಿದ್ದಾರೆ. ಜುಲೈ ತಿಂಗಳು. ಆ ವಾರ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ನೆಟ್ಟೂ ಇಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ನಾನು 12 ನಿಮಿಷವೂ ಅದನ್ನೇ ಹೇಳಿದೆ. ಮೂರು ಸ್ಟ್ಯಾಂಡಪ್ ತಪ್ಪಿತು, ಟೀಮ್ ಏನು ಪಾಡು ಪಟ್ಟಿತೋ ಅಂತ. ಅವರು ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಬಿಟ್ಟು, ಒಂದೇ ಪ್ರಶ್ನೆ ಕೇಳಿದರು: "ಆ ಮೂರು ದಿನ ಅವ್ರು ಏನ್ ಮಾಡಿದ್ರು ಅಂತ ಕೇಳೀರೇನ್ರೀ?"

ಕೇಳಿರಲಿಲ್ಲ.

ಮಾರನೇ ದಿನ ಕೇಳಿದೆ. ಟೀಮಿನ ಹುಡುಗಿಯೊಬ್ಬಳು ಸ್ವಲ್ಪ ತಡವರಿಸಿ ಹೇಳಿದಳು. ಮೀಟಿಂಗ್ ಮೂರೂ ದಿನ ನಡೆದಿತ್ತು. ಒಂದು ದಿನ 7 ನಿಮಿಷದಲ್ಲಿ ಮುಗಿದಿತ್ತು. ಎರಡು ವಾರದಿಂದ ಕೂತಿದ್ದ ಟಿಕೆಟ್ ಒಂದನ್ನು ಇಬ್ಬರು ಸೇರಿ ಅಲ್ಲೇ ಬಿಡಿಸಿದ್ದರು. "ನೀವಿದ್ದರೆ ನಿಮಗೆ ಹೇಳ್ತೀವಿ ಮೇಡಂ, ಇಲ್ಲದಿದ್ದರೆ ನಾವು ನಾವೇ ಮಾತಾಡ್ತೀವಿ" ಅಂದಳು.

ಡೈಲಿ ಸ್ಕ್ರಮ್ (ಸ್ಟ್ಯಾಂಡಪ್‌ನ ಇನ್ನೊಂದು ಹೆಸರು) ಡೆವಲಪರ್‌ಗಳದ್ದು, 15 ನಿಮಿಷದ್ದು ಅಂತ ಸ್ಕ್ರಮ್‌ನ ಕೈಪಿಡಿಯಾದ ಸ್ಕ್ರಮ್ ಗೈಡ್‌ನಲ್ಲೇ ಇದೆ. ನಿನ್ನೆ, ಇವತ್ತು, ಅಡ್ಡಿ ಅನ್ನುವ ಆ ಮೂರು ಪ್ರಶ್ನೆಗಳನ್ನು 2020ರ ನವೆಂಬರ್ ಆವೃತ್ತಿಯಲ್ಲಿ ಅದನ್ನು ಬರೆದ ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ ತೆಗೆದೇ ಹಾಕಿದ್ದಾರೆ. ನಾನು ಇದನ್ನು ಓದಿದ್ದೆ, ಬೇರೆಯವರಿಗೆ ಹೇಳಿಯೂ ಇದ್ದೆ. ಆದರೂ ನನ್ನ ಟೀಮಿನಲ್ಲಿ ಕಾಣಲಿಲ್ಲ. ಈಗ ನಾನು ಆ ಮೀಟಿಂಗಿನಲ್ಲಿ ಮೊದಲು ಮಾತಾಡುವುದಿಲ್ಲ. ಅವರು ಟಿಕೆಟ್‌ಗಳನ್ನು ಹಂತಹಂತವಾಗಿ ಜೋಡಿಸಿದ ಬೋರ್ಡನ್ನು ಬಲಗಡೆಯಿಂದ ನೋಡುತ್ತಾ ಬರುತ್ತಾರೆ. ಮುಗಿಯುವ ಹಂತದಲ್ಲಿರುವ ಟಿಕೆಟ್ ಮೊದಲು, ಅದನ್ನು ಇವತ್ತು ಮುಗಿಸಲು ಯಾರು ಕೈ ಹಚ್ಚುತ್ತಾರೆ ಅನ್ನುವ ಮಾತು ಮೊದಲು. 15 ನಿಮಿಷ ದಾಟುವುದು ಅಪರೂಪ.

ಆ ಜೋಡಿ ಮಾತುಕತೆಗಾಗಿಯೇ ನಾನು ಮತ್ತೆ ಎರಡು ಸಲ ದುಡ್ಡು ಕಟ್ಟಿದ್ದೇನೆ. ಗುರುವಾರದ ಸಿಹಿ ಮಾತು ಈಗಲೂ ಕಡಿಮೆ ಆಗಿಲ್ಲ, ಆ ದೂರು ನನ್ನದು ಹಾಗೇ ಇದೆ. ಹೊಸದಾಗಿ ಸೇರಿದವರಿಗೆ ಅದು ಬೇಕು ಅಂತ ಒಪ್ಪುತ್ತೇನೆ. ನನಗೂ ಮೊದಲ ಮೂರು ತಿಂಗಳು ಅದೇ ಹಿಡಿದಿಟ್ಟಿದ್ದು. ಆದರೆ ಸೇರುವವರು ಎರಡನೇ ವಾರವೇ ಜೋಡಿಗೆ ಹೆಸರು ಕೊಡಿ. ನಾನು ಎಂಟು ತಿಂಗಳು ಕಳೆದುಕೊಂಡೆ, ಅದನ್ನು ಯಾರೂ ಮೊದಲೇ ಹೇಳಲಿಲ್ಲ. ಕೆಲಸ ಹುಡುಕಲು ಅಂತ ಸೇರುವುದಾದರೆ ಬೇಡ, ಇಲ್ಲಿ ಆ ಮಾತೇ ಬರುವುದಿಲ್ಲ. ಬೆಂಗಳೂರಿನಲ್ಲಿದ್ದು, ಆಫೀಸಿನಲ್ಲೇ ನಾಲ್ಕು ಸ್ಕ್ರಮ್ ಮಾಸ್ಟರ್‌ಗಳ ಜೊತೆ ಊಟಕ್ಕೆ ಕೂರುವವರಿಗೂ ಇಷ್ಟು ದುಡ್ಡು ಜಾಸ್ತಿಯೇ. ಕುಮಟಾ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಯಿಂದ ಒಬ್ಬರೇ ಈ ಕೆಲಸ ಮಾಡುವವರಿದ್ದರೆ ನೋಡಿ. ಮಳೆಗಾಲಕ್ಕೆ ಒಂದು ಇನ್ವರ್ಟರ್ ಮತ್ತು ಎರಡನೇ ಸಿಮ್ ಇಟ್ಟುಕೊಳ್ಳಿ.

ಈಗ ನನ್ನ ಪ್ರತಿ ಕಾರ್ಡಿನ ಕೆಳಗೆ 'ತಪ್ಪು ಕಂಡರೆ ನೇರವಾಗಿ ಹೇಳಿ' ಅಂತ ಒಂದು ಸಾಲು ಸೇರಿಸುತ್ತೇನೆ. ಹಿಂದಿನ ವಾರ ಇಬ್ಬರು ಹೇಳಿದರು. ಮುಂದಿನ ಗುರುವಾರದ್ದು ಡೈರಿಯಲ್ಲಿ ಬರೆದಾಗಿದೆ: 'ರೆಟ್ರೋದಲ್ಲಿ ಮೂರು ತಿಂಗಳಿಂದ ಒಂದೇ ಮಾತು ಬರ್ತಾ ಇದೆ. ನಾನು ಕೇಳ್ತಾ ಇಲ್ಲವಾ?'