ಹತ್ತು ವರ್ಷದಿಂದ ಡಿಸ್‌ಆನರ್ಡ್ ಆಡುತ್ತಿರುವವನ ಮಾತು: ರೂನ್ ಹುಡುಕುವುದು ಹೇಗೆ, ಖರ್ಚು ಮಾಡುವುದು ಎಲ್ಲಿ

ಡಿಸ್‌ಆನರ್ಡ್ ಎಂಬ ವಿಡಿಯೋ ಗೇಮಿನಲ್ಲಿ ಮಿಷನ್ ಮುಗಿದ ಮೇಲೆ ಬರುವ ಲೆಕ್ಕದ ಪುಟದಲ್ಲಿ ಕೊಂದವರ ಸಂಖ್ಯೆ 1 ಎಂದು ಕಂಡಾಗ ಮೈಯೆಲ್ಲ ಉರಿದುಹೋಯಿತು. ಎರಡು ಗಂಟೆ ಉಸಿರು ಬಿಗಿಹಿಡಿದು, ಯಾರ ಕೂದಲೂ ಕೊಂಕದಂತೆ ಆಡಿದ್ದೆ. ಹಳೆಯ ಸೇವ್‌ಗಳನ್ನೆಲ್ಲ ಮತ್ತೆ ತೆರೆದು ಹುಡುಕಿದ ಮೇಲೆ ಗೊತ್ತಾಯಿತು, ಅಪರಾಧಿ ನಾನಲ್ಲ, ಇಲಿಗಳು. ಕತ್ತು ಅಮುಕಿ ಎಚ್ಚರ ತಪ್ಪಿಸಿ ಗಲ್ಲಿಯ ಮೂಲೆಯಲ್ಲಿ ಮಲಗಿಸಿ ಬಂದಿದ್ದ ಕಾವಲುಗಾರನನ್ನು ಇಲಿಗಳ ಹಿಂಡು ಮುಗಿಸಿಬಿಟ್ಟಿತ್ತು. ಸಾವು ಮಾತ್ರ ನನ್ನ ಖಾತೆಗೆ.

ಹೊಸಬರು ಯಾರಾದರೂ ಡಿಸ್‌ಆನರ್ಡ್ ಶುರು ಮಾಡುತ್ತೇನೆ ಎಂದರೆ ನಾನು ಮೊದಲು ಹೇಳುವುದೇ ಇದನ್ನು. ಎಚ್ಚರ ತಪ್ಪಿದವರನ್ನು ನೆಲದ ಮೇಲೆ ಬಿಡಬೇಡಿ. ಕಸದ ತೊಟ್ಟಿಗೆ ಹಾಕಿ, ಬಾಲ್ಕನಿಗೆ ಹೊತ್ತೊಯ್ಯಿರಿ, ಇಲಿ ಹತ್ತದ ಕಡೆ ಮಲಗಿಸಿ. ನೀರಿನ ಹತ್ತಿರವಂತೂ ಬೇಡವೇ ಬೇಡ, ಮುಳುಗಿ ಸತ್ತರೆ ಅದೂ ನಿಮ್ಮ ತಲೆಗೇ.

ಆಟದ ಬಗ್ಗೆ ಕೇಳದವರಿಗೆ ಎರಡು ಮಾತು. ಫ್ರಾನ್ಸಿನ ಲಿಯಾನ್‌ನಲ್ಲಿರುವ ಆರ್ಕೇನ್ ಸ್ಟುಡಿಯೋಸ್ ಮಾಡಿದ, ಬೆಥೆಸ್ಡಾ 2012ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದ, ಕಣ್ಣಿಗೆ ಬೀಳದೆ ನುಸುಳಿ ಆಡುವ ಸ್ಟೆಲ್ತ್ ಗೇಮ್ ಇದು. ಊರಿನ ಹೆಸರು ಡನ್‌ವಾಲ್. ತಿಮಿಂಗಿಲದ ಎಣ್ಣೆಯಿಂದ ದೀಪ ಉರಿಯುವ, ಯಂತ್ರ ಓಡುವ, ಇಲಿ ತಂದ ಪಿಡುಗಿನಿಂದ ಅರ್ಧಕ್ಕರ್ಧ ಖಾಲಿಯಾದ ಬಂದರು ನಗರ. ಮಹಾರಾಣಿಯ ಅಂಗರಕ್ಷಕ ಕೊರ್ವೊ ಅಟಾನೊ ನೀವು. ಅವಳನ್ನು ಕೊಂದ ಆರೋಪವೂ ನಿಮ್ಮ ಮೇಲೆಯೇ. ಬಾಗಿಲಿಗೆ ಗುರುತು ಹಾಕಿ ಮುಚ್ಚಿದ ಮನೆಗಳು, ಬಟ್ಟೆಯಲ್ಲಿ ಸುತ್ತಿ ಬೀದಿಗೆ ತಂದಿಟ್ಟ ಹೆಣಗಳು. ಮೊದಲ ಸಲ ಆಡುವಾಗ ನಮ್ಮಜ್ಜಿ ಅವರಮ್ಮನಿಂದ ಕೇಳಿ ಹೇಳುತ್ತಿದ್ದ ಪ್ಲೇಗಿನ ಕತೆ ನೆನಪಾಗಿತ್ತು: ಮನೆಯ ಸೂರಿನಿಂದ ಸತ್ತ ಇಲಿ ಬಿದ್ದರೆ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ. 1898ರ ಪ್ಲೇಗಿನ ಹಿಂದೆಯೇ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಎದ್ದ ಊರು ನಮ್ಮದು. ಪ್ಲೇಗಮ್ಮನ ಗುಡಿಗೆ ಕೈ ಮುಗಿದು ಬೆಳೆದವರಿಗೆ ಡನ್‌ವಾಲ್ ಅಷ್ಟೇನೂ ಪರದೇಶ ಅನ್ನಿಸುವುದಿಲ್ಲ.

ನಾನು ಇದನ್ನು ಮೊದಲು ಆಡಿದ್ದು 2014ರಲ್ಲಿ, ಪಿಜಿ ರೂಮಿನಲ್ಲಿ, ಫ್ಯಾನು ವಿಮಾನದ ಹಾಗೆ ಕೂಗುವ ಲ್ಯಾಪ್‌ಟಾಪಿನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಪೂರ್ತಿಯಾಗಿ ಐದು ಸಲ ಮುಗಿಸಿದ್ದೇನೆ. ಅರ್ಧಕ್ಕೆ ಬಿಟ್ಟವು ಲೆಕ್ಕಕ್ಕಿಲ್ಲ. ಈಗಿನ ಆಟಗಳ ಮುಂದೆ ಇದು ತುಂಬ ಹಗುರ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಪಿಎಸ್4, ಎಕ್ಸ್‌ಬಾಕ್ಸ್ ಒನ್‌ಗೆ 2015ರಲ್ಲಿ ಬಂದ ಡೆಫಿನಿಟಿವ್ ಎಡಿಷನ್‌ನಲ್ಲಿ ಹೆಚ್ಚುವರಿ ಕತೆಗಳೂ ಸೇರಿವೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಡಿಸ್ಕೌಂಟಿಗೆ ಕಾಯುವ ತಾಳ್ಮೆ ಇದ್ದರೆ ಇನ್ನೂ ಒಳ್ಳೆಯದು.

ಈಗ ಹೆಕ್ಕುವ ವಿಷಯಕ್ಕೆ ಬರೋಣ. ಈ ಆಟದಲ್ಲಿ ಮುಖ್ಯವಾಗಿ ಸಿಗುವುದು ಮೂರು: ರೂನ್, ಬೋನ್ ಚಾರ್ಮ್, ದುಡ್ಡು. ತಿಮಿಂಗಿಲದ ಮೂಳೆಯಲ್ಲಿ ಕೆತ್ತಿದ ರೂನ್‌ನಿಂದ ಮಾಂತ್ರಿಕ ಶಕ್ತಿ ಕೊಳ್ಳಬಹುದು. ಬೋನ್ ಚಾರ್ಮ್ ಅಂದರೆ ತಾಯಿತ ಅಂದುಕೊಳ್ಳಿ, ತೊಟ್ಟುಕೊಂಡಷ್ಟು ಹೊತ್ತು ಸಣ್ಣಪುಟ್ಟ ಅನುಕೂಲ. ದುಡ್ಡಿನಿಂದ ಆಯುಧ, ಬೂಟು, ಬಾಣ.

ಇವನ್ನು ಹುಡುಕಲು ಬೇರೆ ಆಟಗಳು ಮ್ಯಾಪಿನ ತುಂಬ ಚುಕ್ಕಿ ಸುರಿಯುತ್ತವೆ. ಇಲ್ಲಿ ಮ್ಯಾಪೇ ಇಲ್ಲ. ಕೈಗೆ ಒಂದು ಹೃದಯ ಕೊಡುತ್ತಾರೆ. ನಿಜವಾದ, ಮಿಡಿಯುವ, ಅರ್ಧ ಯಂತ್ರವಾದ ಮನುಷ್ಯನ ಹೃದಯ. ನಿಮ್ಮ ಅಡಗುದಾಣವಾದ ಹೌಂಡ್ ಪಿಟ್ಸ್ ಪಬ್ಬಿನಲ್ಲಿ ಮೊದಲ ರಾತ್ರಿ ಮಲಗಿದಾಗ ಕನಸಿನಲ್ಲಿ ಔಟ್‌ಸೈಡರ್ ಎಂಬ ನಿಗೂಢ ದೇವತೆಯಂಥವನು ಬಂದು ಕೊಡುತ್ತಾನೆ. ಅದನ್ನು ಎಡಗೈಯಲ್ಲಿ ಹಿಡಿದರೆ ಸುತ್ತಮುತ್ತ ಇರುವ ರೂನ್, ಚಾರ್ಮ್ ಎಲ್ಲವೂ ಗೋಡೆಯಾಚೆಯಿಂದಲೂ ಕಾಣುತ್ತವೆ, ಎಷ್ಟು ಮೀಟರ್ ದೂರ ಅಂತ ಸಹಿತ. ಹೊಸಬರು ಇಷ್ಟಕ್ಕೇ ನಿಲ್ಲುತ್ತಾರೆ. ಅದನ್ನು ಯಾರಾದರೂ ಮನುಷ್ಯರ ಕಡೆ ಹಿಡಿದು ಒಮ್ಮೆ ಹಿಂಡಿ ನೋಡಿ. ಅವರ ಗುಟ್ಟೊಂದನ್ನು ಪಿಸುಗುಟ್ಟುತ್ತದೆ. ಗೇಟಿನಲ್ಲಿ ಆಕಳಿಸುತ್ತ ನಿಂತ ಕಾವಲುಗಾರನ ಮನೆಯ ಸಂಕಟ ಕೇಳಿದ ಮೇಲೆ ಅವನ ಕತ್ತಿಗೆ ಕತ್ತಿ ಇಡಲು ನನ್ನ ಕೈ ಬಂದಿಲ್ಲ. ಕೆಲವರ ಗುಟ್ಟು ಕೇಳಿದಾಗ ಕೊಲ್ಲಬಾರದೆಂಬ ಹಟವೇ ಸಡಿಲವಾಗಿದ್ದೂ ಉಂಟು. ಆ ದನಿ ಯಾರದು ಎಂದು ನಾನು ಹೇಳುವುದಿಲ್ಲ, ನಿಮಗೇ ಹೊಳೆಯಲಿ.

ಹೃದಯ ಹಿಡಿದಿದ್ದಾಗ ಮಾತ್ರ ಗುರುತುಗಳು ಕಾಣುತ್ತವೆ, ಎಡಗೈಯಲ್ಲಿ ಅದೇ ಇರುವಾಗ ಬೇರೆ ಶಕ್ತಿ ಬಳಸಲಾಗದು. ಇದೊಂದು ಕಿರಿಕಿರಿ. ನಾನು ಕೀಬೋರ್ಡಿನಲ್ಲಿ ಹಾರುವ ಶಕ್ತಿಯಾದ ಬ್ಲಿಂಕ್‌ಗೆ 1, ಹೃದಯಕ್ಕೆ 2 ಇಟ್ಟುಕೊಂಡಿದ್ದೇನೆ. ಬೆರಳು ತಾನೇ ಆಚೀಚೆ ಹೋಗುತ್ತದೆ. ಇನ್ನೊಂದು ಮಾತು: ಹೃದಯ ತೋರಿಸುವುದು ನೀವಿರುವ ಭಾಗದಲ್ಲಿರುವುದನ್ನು ಮಾತ್ರ. ಮಿಷನ್‌ಗಳು ಎರಡು ಮೂರು ತುಂಡುಗಳಾಗಿರುತ್ತವೆ, ನಡುವೆ ಲೋಡಿಂಗ್ ಬಾಗಿಲು. ಬಾಗಿಲು ದಾಟುವ ಮುನ್ನ ಎತ್ತರದ ಸೂರು ಹತ್ತಿ, ಹೃದಯ ಹಿಡಿದು, ಸುತ್ತ ಒಂದು ಸಲ ತಿರುಗಿ. ಉಳಿದಿದ್ದರೆ ತಂದುಕೊಳ್ಳಿ. ಗುರಿ ಮುಗಿಸಿದ ಮೇಲೆ ಊರೆಲ್ಲ ಗದ್ದಲವಾಗಿರುವಾಗ ವಾಪಸ್ ಬಂದು ಹುಡುಕುವುದು ತಲೆನೋವು.

ಖಾಲಿ ಮನೆಯೊಂದರ ಒಳಗಿಂದ ನೇರಳೆ ಬೆಳಕು ಕಂಡರೆ ಬಿಡಬೇಡಿ. ಅದು ಔಟ್‌ಸೈಡರ್‌ನ ಗುಡಿ. ರೂನ್ ಖಚಿತ, ಮೇಲೆ ಅವನ ಮಾತು ಬೇರೆ. ನೀವು ಹಿಂದೆ ಮಾಡಿದ್ದನ್ನೆಲ್ಲ ನೋಡಿಕೊಂಡೇ ಮಾತಾಡುತ್ತಾನೆ, ಹೊಗಳುತ್ತಿದ್ದಾನೋ ಕುಟುಕುತ್ತಿದ್ದಾನೋ ತಿಳಿಯದು.

ಇಷ್ಟೆಲ್ಲ ಹೆಕ್ಕಿದ ರೂನ್ ಖರ್ಚು ಮಾಡುವಲ್ಲಿಯೇ ಎಲ್ಲರೂ ಎಡವುವುದು. ನಾನು ಮೊದಲ ಆಟದಲ್ಲಿ ಸೇರಿಸಿಟ್ಟ ರೂನ್ ಸುರಿದು ಕೊಂಡಿದ್ದು ಡಿವೌರಿಂಗ್ ಸ್ವಾರ್ಮ್, ಅಂದರೆ ಇಲಿ ಹಿಂಡನ್ನು ಕರೆಯುವ ಶಕ್ತಿ. ಟ್ರೇಲರಿನಲ್ಲಿ ಚೆನ್ನಾಗಿ ಕಂಡಿತ್ತು. ಆಮೇಲೆ ಯಾರನ್ನೂ ಕೊಲ್ಲದೆ ಆಡೋಣ ಅಂತ ಮನಸ್ಸಾಯಿತು, ಆ ಇಲಿಗಳು ಮೂಲೆಗೆ ಬಿದ್ದವು. ಒಮ್ಮೆ ಕೊಂಡ ಶಕ್ತಿ ವಾಪಸ್ ಕೊಡುವಂತಿಲ್ಲ. ಒಂದೇ ಆಟದಲ್ಲಿ ಎಲ್ಲವನ್ನೂ ಕೊಳ್ಳುವಷ್ಟು ರೂನ್ ಸಿಗುವುದೂ ಇಲ್ಲ. ಮುಗಿಸಿದ ಮೇಲೆ ಶಕ್ತಿಗಳನ್ನು ಉಳಿಸಿಕೊಂಡು ಮತ್ತೆ ಮೊದಲಿನಿಂದ ಆಡುವ ಅವಕಾಶ ಈ ಮೊದಲ ಭಾಗದಲ್ಲಿಲ್ಲ. ಆದ್ದರಿಂದ ಮೊದಲೇ ಒಂದು ತೀರ್ಮಾನ ಮಾಡಿ: ಕೊಲ್ಲುತ್ತೀರೋ, ನುಸುಳುತ್ತೀರೋ?

ಶಕ್ತಿಗಳ ಪಟ್ಟಿ ನೋಡಿದರೆ ಅದರಲ್ಲಿ ಹೆಚ್ಚಿನವು ಕೊಲೆಗಾರರಿಗೆ. ಶ್ಯಾಡೋ ಕಿಲ್ ಸತ್ತವರನ್ನು ಬೂದಿ ಮಾಡುತ್ತದೆ, ಕೊಲ್ಲದವನಿಗೆ ಅದರಿಂದೇನು? ವಿಂಡ್‌ಬ್ಲಾಸ್ಟ್ ಬಾಗಿಲು ಒಡೆಯುತ್ತದೆ, ಸದ್ದೂ ಊರಿಗೆಲ್ಲ ಕೇಳುತ್ತದೆ. ನುಸುಳುವವನಿಗೆ ಬೇಕಾದ್ದು ಮೂರೋ ನಾಲ್ಕೋ, ಅಷ್ಟೇ. ಮೊದಲು ಬ್ಲಿಂಕ್‌ನ ಎರಡನೇ ಹಂತ. ಬ್ಲಿಂಕ್ ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇಲ್ಲಿಂದ ಅಲ್ಲಿಗೆ ಹಾರುವುದು. ಮೊದಲ ಹಂತ ಪುಕ್ಕಟೆ ಸಿಗುತ್ತದೆ, ಎರಡನೆಯದರಲ್ಲಿ ಇನ್ನೂ ದೂರ ಹೋಗಬಹುದು. ಅಲ್ಲಿಂದಾಚೆ ಇಡೀ ನಗರ ನಿಮಗೆ ಸೂರುಗಳ ಮೇಲಿನ ದಾರಿ. ಕಾವಲುಗಾರರು ತಲೆಯೆತ್ತಿ ನೋಡುವುದು ಬಲು ಅಪರೂಪ. ಅದಾದ ಮೇಲೆ ಡಾರ್ಕ್ ವಿಷನ್, ಗೋಡೆಯಾಚೆ ಯಾರು ಯಾವ ಕಡೆ ಮುಖ ಮಾಡಿದ್ದಾರೆ ಎಂದು ತೋರಿಸುತ್ತದೆ. ಅದರ ಎರಡನೇ ಹಂತದಲ್ಲಿ ಬೆಲೆಬಾಳುವ ವಸ್ತುಗಳೂ ಹೊಳೆಯುತ್ತವೆ, ಹೆಕ್ಕುವ ಚಟ ಇದ್ದವರಿಗೆ ಹಬ್ಬ. ಅಜಿಲಿಟಿಯ ಮೊದಲ ಹಂತ, ಎತ್ತರಕ್ಕೆ ಜಿಗಿಯಲು. ಇನ್ನೂ ರೂನ್ ಉಳಿದರೆ ಪೊಸೆಷನ್: ಇಲಿಯ ಮೈ ಹೊಕ್ಕು ಗೋಡೆಯ ತೂತಿನಲ್ಲಿ ನುಗ್ಗಬಹುದು, ಮೀನಾಗಿ ಮೋರಿಯಲ್ಲಿ ಈಜಬಹುದು.

ಶಕ್ತಿ ಬಳಸಿದಾಗ ನೀಲಿ ಪಟ್ಟಿ ಇಳಿಯುತ್ತದಲ್ಲ, ಅದನ್ನು ಕಂಡು ಗಾಬರಿಯಾಗಿ ಸೀಸೆಗಟ್ಟಲೆ ಔಷಧಿ ಕುಡಿಯುವವರನ್ನು ನೋಡಿದ್ದೇನೆ. ಬೇಕಿಲ್ಲ. ಒಂದು ಬ್ಲಿಂಕ್ ಆದ ಮೇಲೆ ಕೆಲವು ಸೆಕೆಂಡ್ ತಡೆದರೆ ಪಟ್ಟಿ ತಾನಾಗಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಹಾರಿ, ನಿಲ್ಲಿ, ನೋಡಿ, ಮತ್ತೆ ಹಾರಿ. ಹೀಗೆ ಆಡಿದರೆ ಬ್ಲಿಂಕ್ ಪೂರ್ತಿ ಬಿಟ್ಟಿ.

ಬೋನ್ ಚಾರ್ಮ್ ವಿಷಯದಲ್ಲಿ ನಿಮ್ಮ ಹಣೆಬರಹ ಇದ್ದಂತೆ. ಎಲ್ಲಿ ಸಿಗುತ್ತದೆ ಎನ್ನುವುದು ಗೊತ್ತಿರುತ್ತದೆ, ಏನು ಸಿಗುತ್ತದೆ ಎನ್ನುವುದು ಆಟದಿಂದ ಆಟಕ್ಕೆ ಬೇರೆ. ಕತ್ತು ಅಮುಕುವುದು ಬೇಗ ಮುಗಿಯುವಂತೆ ಮಾಡುವ ತಾಯಿತ ಸಿಕ್ಕಿದರೆ ಅದನ್ನು ಕೊನೆಯವರೆಗೂ ಕಳಚಬೇಡಿ. ಬಗ್ಗಿ ನಡೆಯುವಾಗ ವೇಗ ಹೆಚ್ಚಿಸುವುದೂ ಹಾಗೆಯೇ. ನಲ್ಲಿ ನೀರು ಕುಡಿದರೆ, ಬಿಳಿ ಇಲಿ ತಿಂದರೆ ಶಕ್ತಿ ಬರುವಂಥವೂ ಇವೆ. ಬಿಳಿ ಇಲಿಯ ಉಪಕಾರ ನನಗೆ ಬೇಡವಾಯಿತು.

ದುಡ್ಡು ಸುರಿಯುವ ಜಾಗ ಪಿಯೆರೊ ಎಂಬ ಸಂಶೋಧಕನ ಕಾರ್ಖಾನೆ, ಪಬ್ಬಿನ ಪಕ್ಕದಲ್ಲೇ. ಅಂಗಡಿಯಲ್ಲಿ ಏನೇನೋ ಆಸೆ ಹುಟ್ಟಿಸುತ್ತಾನೆ. ಕಣ್ಣು ಮುಚ್ಚಿ ಮೊದಲು ಬೂಟು ಕೊಳ್ಳಿ, ಹೆಜ್ಜೆ ಸಪ್ಪಳ ಕಮ್ಮಿ ಮಾಡುವಂಥದು. ಆಮೇಲೆ ನಿದ್ದೆ ಬರಿಸುವ ಬಾಣಗಳು ಮತ್ತು ಅವನ್ನು ಹೆಚ್ಚು ಹೊರುವ ಚೀಲ. ಯಂತ್ರಗಳ ತಂತಿ ಬದಲಿಸುವ ರೀವೈರ್ ಟೂಲ್ ಒಂದೆರಡು ಸಾಕು. ದಾಟಿದವರನ್ನು ಸುಡುವ ಬೆಳಕಿನ ಗೋಡೆಯನ್ನು ಆರಿಸಲು ಹತ್ತಿರದಲ್ಲೇ ಇರುವ ತಿಮಿಂಗಿಲದೆಣ್ಣೆಯ ಡಬ್ಬಿ ಕಿತ್ತರೂ ಆಗುತ್ತದೆ. ತಂತಿ ಬದಲಿಸಿದರೆ ಮುಂದೆ ಅದರಲ್ಲಿ ಹಾದುಹೋಗುವ ಕಾವಲುಗಾರರು ಸುಟ್ಟುಹೋಗುತ್ತಾರೆ, ಲೆಕ್ಕ ನಿಮಗೆ. ಅಲೆದಾಡುವಾಗ ಬ್ಲೂಪ್ರಿಂಟ್ ಸಿಕ್ಕರೆ ತಪ್ಪದೆ ಎತ್ತಿಕೊಳ್ಳಿ, ಕೆಲವು ಸುಧಾರಣೆಗಳನ್ನು ಪಿಯೆರೊ ಅದಿಲ್ಲದೆ ಮಾಡಿಕೊಡುವುದಿಲ್ಲ. ಸೊಕೊಲೊವ್ ಎಂಬವನು ಬಿಡಿಸಿದ ಚಿತ್ರಗಳನ್ನಂತೂ ಬಿಡಲೇಬೇಡಿ, ಒಂದೊಂದಕ್ಕೂ ಒಳ್ಳೆಯ ದುಡ್ಡು. ಹಾಗಂತ ಪ್ರತಿ ನಾಣ್ಯಕ್ಕೂ ಬಾಯಿ ಬಿಡಬೇಡಿ. ಮೂರನೇ ಸಲ ಆಡುವಾಗ ಎಲ್ಲ ನಾಣ್ಯ ಹೆಕ್ಕುತ್ತೇನೆಂದು ಹೋಗಿ ಆಟವೇ ಬೇಸರ ಬಂದಿತ್ತು, ಕೊನೆಗೆ ಕೊಳ್ಳಲು ಏನೂ ಉಳಿದಿರಲಿಲ್ಲ.

ಎರಡು ಕಡೆ ಹುಷಾರಾಗಿರಿ. ಒಂದು, ಗ್ರ್ಯಾನಿ ರ‍್ಯಾಗ್ಸ್ ಎಂಬ ಮುದುಕಿ. ಮೊದಲ ಕೆಲಸ ಬಾಗಿಲಲ್ಲಿ ಕಾಟ ಕೊಡುವ ರೌಡಿಗಳನ್ನು ಓಡಿಸುವುದು. ಮಾಡಿದರೆ ರೂನ್ ಕೊಡುತ್ತಾಳೆ, ಸರಿ. ಎರಡನೆಯದು ಜನ ಕುಡಿಯುವ ಔಷಧಿಗೆ ಪಿಡುಗು ಬೆರೆಸುವುದು. ಅದಕ್ಕೂ ರೂನ್ ಉಂಟು. ನಾನು ಒಂದು ಆಟದಲ್ಲಿ ಬೆರೆಸಿದೆ, ಇನ್ನೆಂದೂ ಬೆರೆಸಲಿಲ್ಲ. ಇನ್ನೊಂದು ಫ್ಲಡೆಡ್ ಡಿಸ್ಟ್ರಿಕ್ಟ್ ಎಂಬ, ನೀರಲ್ಲಿ ಮುಳುಗಿದ ಬಡಾವಣೆ. ಅಲ್ಲಿ ನಿಮ್ಮ ಸಾಮಾನನ್ನೆಲ್ಲ ಕಿತ್ತುಕೊಂಡಿರುತ್ತಾರೆ, ಮೈಯೊಳಗಿನ ಶಕ್ತಿಗಳಷ್ಟೇ ಉಳಿದಿರುತ್ತವೆ. ತಪ್ಪಿಸಿಕೊಳ್ಳುವ ಆತುರದಲ್ಲಿ ಸಾಮಾನು ಬಿಟ್ಟು ಮುಂದೆ ಹೋಗಿಬಿಡಬಹುದು. ಹೋಗಬೇಡಿ, ಹುಡುಕಿ ತಂದುಕೊಳ್ಳಿ.

ದೂರುಗಳೂ ಇವೆ. ಈ ಆಟ ಕೈಗೆ ಚಂದದ ಆಟಿಕೆಗಳನ್ನೆಲ್ಲ ಕೊಟ್ಟು, ಬಳಸಿದರೆ ಕಣ್ಣು ಕೆಂಪು ಮಾಡುತ್ತದೆ. ಹೆಚ್ಚು ಕೊಂದರೆ ಇಲಿ ಹೆಚ್ಚುತ್ತವೆ, ರೋಗಿಗಳು ಹೆಚ್ಚುತ್ತಾರೆ, ಮಹಾರಾಣಿಯ ಮಗಳು ಪುಟ್ಟ ಎಮಿಲಿ ಬಿಡಿಸುವ ಚಿತ್ರಗಳೂ ಕರಾಳವಾಗುತ್ತವೆ. ದೋಣಿಯ ಸ್ಯಾಮ್ಯುಯೆಲ್, ಇಡೀ ಆಟದಲ್ಲಿ ನನಗೆ ಅತಿ ಪ್ರಿಯನಾದವನು, ಕೊನೆಯ ದಡದಲ್ಲಿ ಇಳಿಸಿ, ಎಲ್ಲರೂ ಎಚ್ಚರವಾಗಲಿ ಅಂತ ಗುಂಡು ಹಾರಿಸಿಯೇ ಹೋಗುತ್ತಾನೆ. ಇದೆಲ್ಲ ನನಗೆ ಇಷ್ಟವೇ. ಆದರೆ ಕೊಲ್ಲದವರಿಗೆ ಸಿಗುವ ಸಾಧನ ತೀರಾ ಕಮ್ಮಿ: ಕತ್ತು ಅಮುಕು, ಬಾಣ ಬಿಡು, ಮುಗಿಯಿತು. 2016ರಲ್ಲಿ ಬಂದ ಎರಡನೇ ಭಾಗದಲ್ಲಿ ಇದನ್ನು ತಿದ್ದಿದ್ದಾರೆ. ಇನ್ನು ಲೇಡಿ ಬಾಯ್ಲ್ ಎಂಬ ಸಿರಿವಂತೆ ಗುರಿಯಾಗಿರುವ ಮಿಷನ್‌ನಲ್ಲಿ ಅವಳನ್ನು ಕೊಲ್ಲದೆ ಬಿಡುವ ದಾರಿ ಎಂದು ಕೊಟ್ಟಿರುವುದು ಕೊಲೆಗಿಂತ ಹೇಸಿಗೆಯದು. ಆಡಿದಾಗ ನಿಮಗೇ ತಿಳಿಯುತ್ತದೆ.

ಆ ಮಿಷನ್ ಬಿಟ್ಟುಬಿಡುವಂಥದ್ದಲ್ಲ ಅನ್ನುವುದೂ ನಿಜ. ಮುಖವಾಡದ ಔತಣ, ನಿಮ್ಮದೂ ಮುಖವಾಡ, ಯಾರೂ ಅನುಮಾನ ಪಡುವುದಿಲ್ಲ. ಬಿಳಿ, ಕಪ್ಪು, ಕೆಂಪು ಉಡುಪಿನ ಮೂವರು ಸೋದರಿಯರಲ್ಲಿ ನಿಮ್ಮ ಗುರಿ ಯಾರು ಎನ್ನುವುದು ಪ್ರತಿ ಆಟಕ್ಕೂ ಬದಲಾಗುತ್ತದೆ, ಆದ್ದರಿಂದ ಹಿಂದಿನ ಸಲದ ನೆನಪು ಉಪಯೋಗಕ್ಕೆ ಬರುವುದಿಲ್ಲ. ಮಾತಾಡಿಸಿ, ಕದ್ದು ಕೇಳಿಸಿಕೊಂಡು, ಮಹಡಿ ಹತ್ತಿ ಕಂಡುಹಿಡಿಯಬೇಕು. ಮಹಡಿಗೆ ಹೋದದ್ದು ಹೇಗೂ ಹೋಗಿದ್ದೀರಿ, ಹೃದಯ ತೆಗೆದು ನೋಡಿ, ಖಾಲಿ ಕೈಯಲ್ಲಿ ಇಳಿಯಬೇಕಾಗಿಲ್ಲ.

ಚಿಕ್ಕಪ್ಪನ ಮಗಳು ಈ ಬೇಸಿಗೆಯಲ್ಲಿ ನನ್ನ ಹಳೆ ಲ್ಯಾಪ್‌ಟಾಪಿನಲ್ಲೇ ಶುರು ಮಾಡಿದ್ದಾಳೆ. ಮೇಲಿನದೆಲ್ಲ ಅವಳಿಗೆ ಹೇಳಿದ್ದೇ. ಎಲ್ಲ ಕೇಳಿಸಿಕೊಂಡು, ತಲೆಯಾಡಿಸಿ, ಮೊದಲ ರೂನ್‌ಗಳನ್ನೆಲ್ಲ ಕೂಡಿಟ್ಟು ಅವಳು ಕೊಂಡದ್ದು ಇಲಿ ಹಿಂಡು. ನಿನ್ನೆ ರಾತ್ರಿ ಔತಣಕ್ಕೆ ಬಂದಿದ್ದಾಳೆ, ಬಾಗಿಲಲ್ಲಿರುವ ಅತಿಥಿಗಳ ಪುಸ್ತಕದಲ್ಲಿ ತನ್ನ ಹೆಸರು ಬರೆದು ಒಳಗೆ ಹೋಗಿದ್ದಾಳೆ. ನಾನು ಹಿಂದೆ ಕೂತು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದೇನೆ.