ಎಸ್‌ಎಂಎಸ್, ವಾಟ್ಸಾಪ್, ಕರೆ: ರೋಗಿಗೆ ತಾರೀಖು ನೆನಪಿಸಲು ಯಾವುದು ವಾಸಿ?

ನಮ್ಮ ತಾಲ್ಲೂಕಿನ ಸಣ್ಣ ಕ್ಲಿನಿಕ್ಕೊಂದಕ್ಕೆ ಅಪಾಯಿಂಟ್‌ಮೆಂಟ್ ನೆನಪಿಸುವ ವೆಬ್ ಆ್ಯಪ್ ಮಾಡಿಕೊಟ್ಟೆ. ಅಲ್ಲಿಗೆ ಬರುವವರು ಹೆಚ್ಚಾಗಿ ಶುಗರ್, ಬಿಪಿ ಇರುವ ವಯಸ್ಸಾದವರು. ಒಂದು ಸಲ ಬರುವುದು ತಪ್ಪಿದರೆ ಮಾತ್ರೆಯೂ ನಿಂತುಹೋಗುತ್ತದೆ. ಅದಕ್ಕೇ ಮೂರು ದಾರಿಯನ್ನೂ ತಿಂಗಳಿಗೊಂದರಂತೆ ಓಡಿಸಿ ನೋಡಿದೆ.

ಎಸ್‌ಎಂಎಸ್ ಯಾವ ಫೋನಿಗಾದರೂ ಹೋಗುತ್ತದೆ, ನೆಟ್ ಬೇಡ. ಕಷ್ಟ ಶುರುವಾಗುವುದು ಕನ್ನಡದಲ್ಲಿ ಕಳಿಸಹೊರಟಾಗ. ಇಂಗ್ಲಿಷಿನ ಒಂದು ಮೆಸೇಜಿಗೆ 160 ಅಕ್ಷರ ಹಿಡಿದರೆ ಕನ್ನಡಕ್ಕೆ ಸಿಗುವುದು 70. ಅದರಲ್ಲೂ ಒತ್ತು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. ‘ರಕ್ತದೊತ್ತಡ’ ಕಣ್ಣಿಗೆ 5 ಅಕ್ಷರ, ಲೆಕ್ಕಕ್ಕೆ 10. 70 ದಾಟಿದರೆ ಎರಡು ಮೆಸೇಜಿನ ದುಡ್ಡು. ಸಂಸ್ಥೆಗಳು ಕಳಿಸುವ ಮೆಸೇಜಿನ ಮಾದರಿಯನ್ನು (ಟೆಂಪ್ಲೇಟ್) ಮೊದಲೇ ಡಿಎಲ್‌ಟಿ ಎಂಬ ಟೆಲಿಕಾಂ ಕಂಪನಿಗಳ ವ್ಯವಸ್ಥೆಯಲ್ಲಿ ನೋಂದಾಯಿಸುವ ಕೆಲಸ ಬೇರೆ. ಇನ್ನೊಂದು ಪಾಠ: ‘ನಾಳೆ ಬನ್ನಿ’ ಎಂದು ಬರೆಯಬೇಡಿ. ಒಬ್ಬರು ಅದನ್ನು ಮಾರನೇ ದಿನ ಬೆಳಿಗ್ಗೆ ಓದಿ, ಒಂದು ದಿನ ತಡವಾಗಿ ಬಸ್ ಹತ್ತಿ ಬಂದರು. ಈಗ ವಾರ, ತಾರೀಖು, ಗಂಟೆ ಮೂರನ್ನೂ ಹಾಕುತ್ತೇನೆ.

ವಾಟ್ಸಾಪಿನಲ್ಲಿ ‘ಬರುತ್ತೇನೆ’, ‘ಬೇರೆ ದಿನ ಕೊಡಿ’ ಎಂಬ ಎರಡು ಬಟನ್ ಇಟ್ಟೆ. ಒತ್ತಿದ ತಕ್ಷಣ ಕೌಂಟರಿನ ಪರದೆಯಲ್ಲಿ ಗೊತ್ತಾಗುತ್ತದೆ, ಖಾಲಿಯಾದ ಸಮಯ ಇನ್ನೊಬ್ಬರಿಗೆ ಸಿಗುತ್ತದೆ. ಓದುಬರಹ ಬಲ್ಲವರಿಗೆ ಇದರಷ್ಟು ಸಲೀಸು ಬೇರೆ ಇಲ್ಲ. ಆದರೆ ಎಷ್ಟೋ ಅಜ್ಜಿಯರ ಹೆಸರಿನ ಮುಂದೆ ಇದ್ದದ್ದು ಬೆಂಗಳೂರಿನಲ್ಲಿರುವ ಮಗನ ನಂಬರು! ಮಗ ‘ಬರುತ್ತೇನೆ’ ಒತ್ತುತ್ತಾನೆ, ಅಮ್ಮನಿಗೆ ಹೇಳಲು ಮರೆಯುತ್ತಾನೆ. ನಂಬರು ಇನ್ನೊಬ್ಬರದಾಗಿರಬಹುದು, ಹಾಗಾಗಿ ಮೆಸೇಜಿನಲ್ಲಿ ಕಾಯಿಲೆಯ ಹೆಸರು ಬರಲೇಬಾರದು.

ನನಗೆ ಮನಸ್ಸು ತುಂಬಿದ್ದು ಕರೆ. ಕೌಂಟರಿನಲ್ಲಿ ಕೂರುವ ಅಕ್ಕನ ದನಿಯಲ್ಲೇ ರೆಕಾರ್ಡ್ ಮಾಡಿಸಿದೆ: “ನಮಸ್ಕಾರ, ಡಾಕ್ಟ್ರ ಕ್ಲಿನಿಕ್ಕಿಂದ ಮಾತಾಡ್ತಿರೋದು. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಬನ್ನಿ. ಬರೋದಾದ್ರೆ ಒಂದು ಒತ್ತಿ.” ಪರಿಚಯದ ದನಿ ಕೇಳಿ ಫೋನ್ ಇಡದೆ ಪೂರ್ತಿ ಕೇಳಿಸಿಕೊಂಡರು. ಹಗಲು ಹೊಲದಲ್ಲಿರುವವರು ಎತ್ತುವುದಿಲ್ಲ. ಸಂಜೆ 7 ಗಂಟೆ ಸರಿಹೋಯಿತು. ಸರ್ವರ್ ಗಡಿಯಾರ ಯುಟಿಸಿಯಲ್ಲಿದೆಯೇ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ನೋಡಿಕೊಳ್ಳಿ. ಅಲ್ಲಿ ಸಂಜೆ 7 ಎಂದು ಬರೆದರೆ ನಮ್ಮಲ್ಲಿ ನಡುರಾತ್ರಿ 12.30ಕ್ಕೆ ಫೋನ್ ಹೊಡೆದುಕೊಳ್ಳುತ್ತದೆ. ಕ್ಲಿನಿಕ್ಕಿನ ಹೆಸರಲ್ಲಿ ಆ ಹೊತ್ತಿಗೆ ಫೋನ್ ಬಂದರೆ ಮನೆಯವರ ಎದೆ ಒಡೆಯುತ್ತದೆ.

ಈಗ ಬಟನ್ ಫೋನಿನವರಿಗೆ ಕರೆ, ಉಳಿದವರಿಗೆ ವಾಟ್ಸಾಪ್. ಎರಡಕ್ಕೂ ಉತ್ತರ ಬಾರದಿದ್ದರೆ ಮಾತ್ರ ಎಸ್‌ಎಂಎಸ್. ಹೆಸರು ಬರೆಸುವ ಫಾರಂನಲ್ಲಿ ಒಂದು ಕಾಲಂ ಹೆಚ್ಚಾಗಿದೆ: ‘ಈ ನಂಬರು ಯಾರದು?’